ಹದಿನೈದರಿಂದ ಹದಿನಾರಕ್ಕೆ

ತಿಹೊಮಿರ್ ಈಗಲೂ ನಮ್ಮ ಬೇಲಿಯ ಆಚೆಗೇ ಇದ್ದಾನೆ. ಬೆಳಿಗ್ಗೆ ಕಸ ಹೊರಗಿಡಲು ಬಂದಾಗ ನನ್ನನ್ನು ಕಂಡರೆ ಟೋಪಿ ಮುಟ್ಟುತ್ತಾನೆ, ಅಷ್ಟೇ. ಮಾತು ಅವನಿಗೆ ಮೊದಲಿನಿಂದಲೂ ದುಬಾರಿ. ನಾನಾದರೋ ಮೂಗರ ನಡುವೆ ಕೂರಿಸಿದರೂ ಜಗಳ ಹುಡುಕುವವಳು ಎಂದು ನನ್ನ ಗಂಡ ಬದುಕಿದ್ದಾಗ ಹೇಳುತ್ತಿದ್ದ. ಅದಕ್ಕೇ ಅವನ ಕಥೆಯನ್ನು ನಾನೇ ಹೇಳಬೇಕಾಗಿ ಬಂದಿದೆ. ಅವನನ್ನು ಕೇಳಿದರೆ "ಏನಿದೆ ವಿದಕ್ಕ ಹೇಳೋಕೆ" ಎಂದು ಬಾಗಿಲು ಹಾಕಿಕೊಳ್ಳುತ್ತಾನೆ.

ನಿಶ್ ಪಟ್ಟಣದ ರೇಡಿಯೊ ಕಾರ್ಖಾನೆಯಲ್ಲಿ ನಾವಿಬ್ಬರೂ ದುಡಿದವರು. ನಾನು ಕೆಳಗೆ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುವ ಸಾಲಿನಲ್ಲಿ, ಅವನು ಮೇಲಿನ ಮಹಡಿಯಲ್ಲಿ ಆಂಪ್ಲಿಫೈಯರ್ ವಿನ್ಯಾಸ ಮಾಡುವವರ ಜೊತೆ. ಆ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಾಗ. ತಿಹೊಮಿರನ ಪಾಲಿಗೆ ಬಂದದ್ದು ವಾಲ್ಯೂಮ್. ಅದರಲ್ಲಿ ಹೆಸರು ಮಾಡುವಂಥದ್ದೇನೂ ಇರಲಿಲ್ಲ. ಸದ್ದು ಹೆಚ್ಚಾಗಬೇಕು, ಕಡಿಮೆಯಾಗಬೇಕು, ನಡುವೆ ಗರಗರ ಅನ್ನಬಾರದು. ಊಟದ ಹೊತ್ತಿನಲ್ಲಿ ನಾವು ಹೆಂಗಸರು ಅವನನ್ನು ಕಿಚಾಯಿಸುತ್ತಿದ್ದೆವು.

"ಏನಪ್ಪಾ ತಿಹೊಮಿರ್, ಇವತ್ತು ಯಾರ ಬಾಯಿ ಮುಚ್ಚಿಸ್ದೆ?"

ಅವನು ಬೀನ್ಸ್ ಸಾರಿಗೆ ಬ್ರೆಡ್ ಅದ್ದುತ್ತಲೇ ಹೇಳುತ್ತಿದ್ದ. "ಬಾಯಿ ಮುಚ್ಚಿಸೋದು ಸುಲಭ ವಿದಕ್ಕ. ಮೆಲ್ಲಗೆ ಮಾತಾಡ್ಸೋದೇ ಕಷ್ಟ."

"ಹಾಗಾದ್ರೆ ನನ್ನ ಗಂಡನ್ನ ಕಳಿಸ್ತೀನಿ. ಅವನಿಗೂ ಒಂದು ಗುಂಡಿ ಕೂರಿಸು" ಎನ್ನುತ್ತಿದ್ದೆ ನಾನು. ಇಡೀ ಸಾಲು ನಗುತ್ತಿತ್ತು. ಅವನ ಕಿವಿ ಕೆಂಪಾಗುತ್ತಿತ್ತು.

ಅಂಥ ಮನುಷ್ಯನಿಗೆ ಮದುವೆಯಾದದ್ದೇ ಒಂದು ಸೋಜಿಗ. ಕಾರ್ಖಾನೆಯಲ್ಲಿ ನಮ್ಮದೊಂದು ಹಾಡುವ ತಂಡವಿತ್ತು. ಒಂದು ವರ್ಷ ವಸಂತದಲ್ಲಿ ಪಟ್ಟಣದ ಸಭಾಂಗಣದಲ್ಲಿ ಹಾಡಿದೆವು. ತಿಹೊಮಿರ್ ಎರಡು ಮೈಕು ನಿಲ್ಲಿಸಿ ಅದನ್ನು ಟೇಪಿಗೆ ಹಿಡಿದ. ಕೆಲವು ದಿನ ಕಳೆದ ಮೇಲೆ ನನ್ನ ಸಾಲಿಗೆ ಇಳಿದು ಬಂದು, ಸುತ್ತಿಟ್ಟ ತಂತಿಯನ್ನು ನೋಡುತ್ತ ಕೇಳಿದ. "ವಿದಕ್ಕ, ಎಡಗಡೆ ಕೊನೇಲಿ ನಿಂತು ಹಾಡಿದ್ದು ಯಾರು?"

"ಎಷ್ಟೊಂದು ಜನ ನಿಂತಿದ್ವಲ್ಲೋ."

"'ಬಾವಿಗೆ ಹೋದ ಹುಡುಗಿ' ಹಾಡಿನಲ್ಲಿ ಎರಡು ಸಾಲು ಒಬ್ಬಳೇ ಹಾಡ್ತಾಳಲ್ಲ, ಅವಳು."

ಅವಳು ದೆಸಾಂಕ, ನಮಗೆಲ್ಲ ದೆಸಾ. ರೇಡಿಯೊಗಳನ್ನು ಪೆಟ್ಟಿಗೆಗೆ ತುಂಬುವ ಸಾಲಿನವಳು. ಮುಖ ನೋಡುವ ಮೊದಲೇ ಅವನು ಅವಳ ದನಿಯನ್ನು ಮೆಚ್ಚಿ ಕೂತಿದ್ದ. ಶರತ್ಕಾಲ ಬರುವಷ್ಟರಲ್ಲಿ ಮದುವೆ ಆಯಿತು, ಹಾಡಿದ್ದು ನಾವೇ. ಮಕ್ಕಳಾಗಲಿಲ್ಲ. ಆ ಮನೆಯಲ್ಲಿ ಅವರಿಬ್ಬರು, ತಿಹೊಮಿರನ ತಾಯಿ ಸ್ತಾಮೆನಾ, ಅವನ ತಮ್ಮ ಚೆದಾ. ಚೆದಾ ಲಾರಿ ಓಡಿಸುತ್ತಿದ್ದ. ಅವನಿದ್ದಲ್ಲಿ ನಗು ಇರುತ್ತಿತ್ತು. ಹಿರಿಮಗ ಊಟಕ್ಕೆ ತಡಮಾಡಿದರೆ ತಾಯಿ ಗೊಣಗುತ್ತಿದ್ದಳು, ಕಿರಿಮಗ ತಡಮಾಡಿದರೆ ರಸ್ತೆಗೆ ಬಂದು ನಿಲ್ಲುತ್ತಿದ್ದಳು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ತಿಹೊಮಿರ್ ಅದನ್ನು ಒಂದು ದಿನವೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಕಾರ್ಖಾನೆ ಮುಚ್ಚಿತು. ನಾವೆಲ್ಲ ದಿಕ್ಕಾಪಾಲಾದೆವು. ತಿಹೊಮಿರ್ ಹಿತ್ತಲಿನ ಶೆಡ್ಡಿನಲ್ಲಿ ಟಿವಿ ರಿಪೇರಿಗೆ ಕೂತ. ದೆಸಾ ಬೇಕರಿಗೆ ಹೋದಳು. ಹಾಗೇ ಬಾಳು ಸಾಗುತ್ತಿತ್ತು. ಒಂದು ವರ್ಷ, ಚಳಿಗಾಲದ ಮುನ್ನ ಬರುವ ಮಿತ್ರೊವ್‌ದಾನ್ ಹಬ್ಬದ ಮುಂಚಿನ ವಾರ ಸಿಚೆವೊ ಕಣಿವೆಯ ತಿರುವಿನಲ್ಲಿ ಚೆದಾನ ಲಾರಿ ಉರುಳಿತು.

ಹೆಣ ಮನೆಯಿಂದ ಹೊರಟ ದಿನವೇ ಸ್ತಾಮೆನಾ ತನ್ನ ಕೈಯಾರೆ ರೇಡಿಯೊದ ವೈರು ಕಿತ್ತಳು, ಟಿವಿಯ ಮೇಲೆ ಕಪ್ಪು ಬಟ್ಟೆ ಹೊದಿಸಿದಳು. "ನನ್ನ ಮಗ ಮಣ್ಣಿನಡಿ ಮಲಗಿದಾನೆ. ಒಂದು ವರ್ಷ ಈ ಮನೇಲಿ ಹಾಡು ಕೇಳಕೂಡದು" ಎಂದಳು. ಇದರಲ್ಲಿ ಹೊಸತೇನೂ ಇರಲಿಲ್ಲ. ನನ್ನ ಗಂಡ ಹೋದಾಗ ನಾನೂ ವರ್ಷವಿಡೀ ಕಪ್ಪು ಉಟ್ಟವಳೇ, ಪಕ್ಕದ ಮನೆಯ ಮದುವೆಯ ಕಹಳೆ ಕೇಳಿದರೆ ಕಿಟಕಿ ಮುಚ್ಚಿದವಳೇ. ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ. ಯಾರ ಮನೆಯಲ್ಲಿ ಯಾವಾಗ ರೇಡಿಯೊ ಮತ್ತೆ ಹಾಡಿತು ಎನ್ನುವುದು ಬೀದಿಗೆ ಬಾಯಿಪಾಠ.

ಚೆದಾ ಸತ್ತ ಮೇಲೆ ದೆಸಾಗೆ ತಲೆನೋವು ಶುರುವಾಯಿತು. ಅತ್ತು ಅತ್ತು ಬಂದದ್ದು ಅಂದುಕೊಂಡೆವು. ಹಿಮ ಬಿದ್ದ ಮೇಲೆ ಎಡಗೈ ನಡುಗತೊಡಗಿತು, ಮಾತು ತೊದಲತೊಡಗಿತು. ಆಸ್ಪತ್ರೆಯಲ್ಲಿ ತಲೆ ತೆರೆದರು, ಗಡ್ಡೆ ನೋಡಿದರು, ಮುಚ್ಚಿದರು. ಡಾಕ್ಟರು ತಿಹೊಮಿರನನ್ನು ಪಕ್ಕಕ್ಕೆ ಕರೆದು, ಬೇಸಿಗೆ ದಾಟಬಹುದು, ದಾಟದೆಯೂ ಇರಬಹುದು ಎಂದರು. ಇದನ್ನು ಅವನು ನನಗೆ ಹೇಳಿದ, ಅಮ್ಮನಿಗೆ ಹೇಳಲಿಲ್ಲ.

"ಮೊನ್ನೆ ತಾನೇ ಮಗನನ್ನ ಮಣ್ಣು ಮಾಡಿ ಬಂದಿದಾಳೆ. ಇದನ್ನೂ ಹೇಗೆ ತಲೆ ಮೇಲೆ ಹಾಕ್ಲಿ? ಆಪರೇಷನ್ ಆಗಿದೆ, ಗುಣವಾಗ್ತಾಳೆ ಅಂದಿದೀನಿ."

ಅವನ ಒಳ್ಳೆಯತನವೇ ಮುಂದೆ ಅವನ ಮನೆಯ ನೆಮ್ಮದಿ ಸುಟ್ಟಿತು. ಆದರೆ ಅವತ್ತು ನನಗೂ ಅದೇ ಸರಿ ಅನ್ನಿಸಿತ್ತು.

ಮನೆಗೆ ಬಂದ ದೆಸಾಗೆ ಸದ್ದು ಅಂದರೆ ನೋವು. ತಟ್ಟೆಗೆ ಚಮಚ ತಾಗಿದರೆ ತಲೆಗೆ ಮೊಳೆ ಹೊಡೆದಂತೆ ಮುಖ ಹಿಂಡುತ್ತಿದ್ದಳು. ನಾವೆಲ್ಲ ಆ ಕೋಣೆಯಲ್ಲಿ ಉಣ್ಣೆಯ ಕಾಲುಚೀಲದಲ್ಲಿ ನಡೆಯುತ್ತಿದ್ದೆವು. ಹೀಗಿರುವಾಗ ಅವಳು ಕೇಳಿದ್ದು ಹಾಡನ್ನು. ನಾನು ದಿಂಬು ಸರಿಮಾಡುತ್ತಿದ್ದೆ. ಗಂಡನ ತೋಳು ಹಿಡಿದು, ಪದಗಳನ್ನು ಒಂದೊಂದಾಗಿ ಎತ್ತಿಟ್ಟ ಹಾಗೆ ಹೇಳಿದಳು.

"ಆ ಟೇಪು... ಹಾಕ್ತೀಯಾ? ಈಗ ನನ್ನ ಬಾಯಲ್ಲಿ ಬರೋದು ನನ್ನ ದನಿ ಅಲ್ಲ. ನಂದು ಹೇಗಿತ್ತು ಅಂತ ಮರೆತೇ ಹೋಗ್ತಿದೆ. ಒಂದ್ಸಲ ಕೇಳ್ಬೇಕು."

ತಿಹೊಮಿರ್ ಅಡುಗೆಮನೆಗೆ ಹೋಗಿ ತಾಯಿಯನ್ನು ಕೇಳಿದ. ಸ್ತಾಮೆನಾ ಒಲೆಯ ಮುಂದೆ ಬೆನ್ನು ತಿರುಗಿಸಿಯೇ ನಿಂತಿದ್ದಳು. "ಗುಣವಾಗ್ಲಿ, ಎದ್ದು ಓಡಾಡ್ಲಿ, ವರ್ಷ ಕಳೀಲಿ, ಆಮೇಲೆ ಬೇಕಾದಷ್ಟು ಕೇಳ್ಲಿ. ಒಡಹುಟ್ಟಿದ ಅಣ್ಣ ನೀನು, ಕೇಳೋ ಮಾತೇನೋ ಇದು?" ಎಂದಳು. ತಪ್ಪು ಅವಳದೇ ಎಂದು ಹೇಳುವುದು ಹೇಗೆ? ಸೊಸೆಗೆ ಕಾಲವಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ.

ತಿಹೊಮಿರ್ ಶೆಡ್ಡಿಗೆ ಹೋಗಿ ಕೂತ. ತಲೆಯ ಗಾಯದಿಂದಾಗಿ ಕಿವಿಗೆ ಹಾಕುವ ಯಾವುದನ್ನೂ ದೆಸಾಗೆ ತೊಡಿಸುವಂತಿರಲಿಲ್ಲ. ಉಳಿದ ದಾರಿ ಒಂದೇ, ಗೋಡೆಯಾಚೆ ತಾಯಿಗೆ ಕೇಳಿಸದಷ್ಟು ಮೆಲ್ಲಗೆ, ಹಾಸಿಗೆಯ ಪಕ್ಕದಲ್ಲಿ ಹಾಡಿಸಬೇಕು. ಹಳೆಯ ಆಂಪ್ಲಿಫೈಯರ್ ಇಟ್ಟು ನೋಡಿದ. ಅಮ್ಮ ಪೇಟೆಗೆ ಹೋದ ಹೊತ್ತು ನೋಡಿ ನನ್ನನ್ನೂ ಕರೆದ.

"ಕೇಳು ವಿದಕ್ಕ. ಗುಂಡಿ ತಿರುಗಿಸಿ ಕಡಿಮೆ ಮಾಡ್ತಾ ಬರ್ತೀನಿ."

ಬಹಳ ಕಡಿಮೆಯಾದಾಗ ಎಡಗಡೆಯ ಸ್ಪೀಕರ್ ಗರ್ ಎಂದು ಸತ್ತೇ ಹೋಯಿತು. ಬಲಗಡೆಯದು ಮಾತ್ರ ಉಳಿಯಿತು.

"ತಿರುಗೋ ಗುಂಡಿಯ ಹಣೆಬರಹ ಇದು. ತೀರಾ ಕೆಳಗೆ ಬಂದ್ರೆ ಎರಡು ಕಡೆ ಸಮ ಇರಲ್ಲ. ಒಂದು ಮೊದಲು ಸಾಯತ್ತೆ. ನಮ್ಮ ಕರ್ಮಕ್ಕೆ ದೆಸಾ ನಿಂತಿರೋ ಕಡೆನೇ ಸಾಯ್ತಾ ಇದೆ."

ಟೇಪಿನಲ್ಲಿ ಇಡೀ ತಂಡ ಮೆಲ್ಲಗೆ ಹಾಡುತ್ತಿತ್ತು, ಅವಳೊಬ್ಬಳು ಇರಲಿಲ್ಲ. ಅದನ್ನು ಅವಳಿಗೆ ಕೇಳಿಸುವುದಾದರೂ ಹೇಗೆ?

ಆ ಚಳಿಗಾಲವೆಲ್ಲ ಅವನು ಒಂದು ಪೆಟ್ಟಿಗೆಯ ಹಿಂದೆ ಬಿದ್ದ. ತಿರುಗುವ ಗುಂಡಿಯೇ ಬೇಡ, ಅಂಕಿಯ ಮೇಲೆ ನಡೆಯುವ ವಾಲ್ಯೂಮ್ ಬೇಕು ಎಂದ. ಎಡಕ್ಕೊಂದು ಬಲಕ್ಕೊಂದು ರೆಸಿಸ್ಟರುಗಳ ಸಾಲು. ರಾಶಿಯಿಂದ ಒಂದೊಂದನ್ನೂ ಮೀಟರಿನಲ್ಲಿ ಅಳೆದು, ಎಡದ್ದಕ್ಕೆ ಬಲದ್ದು ಅವಳಿಜವಳಿಯಂತೆ ಹೊಂದುವವರೆಗೆ ಆರಿಸಿದ. ಅವನ್ನು ಜೋಡಿಸಿ ಬಿಡಿಸಲು ಒಂದೊಂದು ಕಡೆಗೆ ಐದೈದು ರಿಲೇಗಳು, ಅಂದರೆ ವಿದ್ಯುತ್ತಿನಿಂದ ಬಡಿಯುವ ಪುಟ್ಟ ಸ್ವಿಚ್ಚುಗಳು, ಮುರಿದು ಮಾರಿದ ಟೆಲಿಫೋನ್ ಎಕ್ಸ್‌ಚೇಂಜಿನವು. ಅವುಗಳಿಗೆ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ಹೇಳಲು ಉಗುರಿನಷ್ಟು ಒಂದು ಚಿಪ್. ದೆಸಾಳ ಕೈಗೆ ಹಳೆಯ ಟಿವಿಯ ರಿಮೋಟ್, ಅದರಲ್ಲಿ ಎರಡೇ ಗುಂಡಿ, ಏರಿಸಲು ಒಂದು, ಇಳಿಸಲು ಒಂದು. ಮುಂದೆ ಕೆಂಪು ಅಂಕಿ, ಸೊನ್ನೆಯಿಂದ ಮೂವತ್ತೊಂದರವರೆಗೆ. ಟ್ರಾನ್ಸ್‌ಫಾರ್ಮರ್ ನಾನು ಸುತ್ತಿಕೊಟ್ಟೆ. ಕಾರ್ಖಾನೆ ಬಿಟ್ಟು ಎಷ್ಟು ವರ್ಷವಾಗಿದ್ದರೂ ಕೈ ಮರೆತಿರಲಿಲ್ಲ.

"ರಿಲೇಗಳು ಎಲ್ಲಾ ಒಟ್ಟಿಗೆ ಬಡಿದ್ರೆ ಟಕ್ ಅಂತ ಸದ್ದು ಬರತ್ತೆ, ಅವಳಿಗೆ ನೋವಾಗತ್ತೆ" ಎಂದು ಒಂದಾದ ಮೇಲೊಂದು ನಿಧಾನವಾಗಿ ಬೀಳುವಂತೆ ಮಾಡಿದ. ಪೆಟ್ಟಿಗೆಯ ಒಳಮೈಗೆ ಉಣ್ಣೆಬಟ್ಟೆ ಅಂಟಿಸಿದ. ಅಷ್ಟು ಜೋಪಾನ.

ಹಿಮ ಕರಗಿದ ಮೇಲೆ ಒಂದು ಬೆಳಿಗ್ಗೆ ಅದನ್ನು ದೆಸಾಳ ಹಾಸಿಗೆಯ ಪಕ್ಕ ಇಟ್ಟ. ಸ್ತಾಮೆನಾ ಪೇಟೆಯಲ್ಲಿದ್ದಳು. ನಾನು ಬಾಗಿಲಲ್ಲಿ ನಿಂತೆ. ಟೇಪು ತಿರುಗತೊಡಗಿತು. ದೆಸಾ ಒತ್ತಿದಳು, ಒಂದು. ಒತ್ತಿದಳು, ಎರಡು. ಒಳಗೆ ರಿಲೇ ಟಿಕ್ ಎಂದಿತು, ನನಗೆ ಬೇರೇನೂ ಕೇಳಲಿಲ್ಲ. ಆರಕ್ಕೆ ಬಂದಾಗ ಅವಳು ಬೆರಳೆತ್ತಿದಳು. ನಾನು ಉಸಿರು ಬಿಗಿಹಿಡಿದೆ, ಆದರೂ ಬಾಗಿಲಿನವರೆಗೆ ಏನೂ ಬರಲಿಲ್ಲ. ಅವಳ ತುಟಿ ಮಾತ್ರ ಪದಗಳ ಜೊತೆ ಅಲ್ಲಾಡುತ್ತಿತ್ತು. ಆಮೇಲೆ ಕಣ್ಣು ಮುಚ್ಚಿ "ನಾನು" ಎಂದಳು. ಅಷ್ಟೇ, "ನಾನು". ತಿಹೊಮಿರ್ ನನಗೆ ಬೆನ್ನು ತಿರುಗಿಸಿ ವೈರು ಸರಿಮಾಡುವವನಂತೆ ಬಗ್ಗಿದ. ಸರಿಮಾಡುವಂಥದ್ದು ಅಲ್ಲೇನೂ ಇರಲಿಲ್ಲ.

ಅಂದಿನಿಂದ ದಿನವೂ ಒಂದಿಷ್ಟು ಹೊತ್ತು ಅವಳು ಕೇಳುತ್ತಿದ್ದಳು. ಗೋಡೆಯಾಚೆ ಅತ್ತೆ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದರೂ ತಿಳಿಯುತ್ತಿರಲಿಲ್ಲ. ಮುಖಕ್ಕೆ ಸ್ವಲ್ಪ ಕಳೆ ಬಂತು. ಒಂದು ಸಲ ನನ್ನೆದುರೇ ಗಂಡನನ್ನು ರೇಗಿಸಿದಳು.

"ನಿನ್ನ ಪೆಟ್ಟಿಗೆ ಎಂಟಕ್ಕೆ ಬಂದ್ರೆ ಬಿಕ್ಕಳಿಸತ್ತೆ ಕಣೋ. ಕುಡಿದಿದೆಯಾ?"

"ಟೇಪು ಹಳೇದು. ಅಲ್ಲೆಲ್ಲೋ ಅಂಟು ಬಿಟ್ಟಿರ್ಬೇಕು, ನೋಡ್ತೀನಿ" ಎಂದ ಅವನು. ನೋಡಲಿಲ್ಲ. ಅವಳಿಗೆ ಬೇಕಾದದ್ದು ಆರು, ಏಳು, ಹೆಚ್ಚೆಂದರೆ ಹತ್ತು. ಅದರ ಮೇಲಿನ ಅಂಕಿಗಳಲ್ಲಿ ಆ ಮನೆಯೊಳಗೆ ಒಂದು ದಿನವೂ ಹಾಡು ಬಂದಿರಲಿಲ್ಲ. ಬೇರೆ ಕಾಲವಾಗಿದ್ದರೆ ತಿಹೊಮಿರ್ ಕಟ್ಟಿದ ಯಾವುದನ್ನೂ ಪೂರ್ತಿ ಏರಿಸಿ, ಪೂರ್ತಿ ಇಳಿಸಿ, ಕಿಟಕಿ ಅದುರುವವರೆಗೆ ಪರೀಕ್ಷೆ ಮಾಡದೆ ಕೈಬಿಡುವವನಲ್ಲ. ಸಾವಿನ ಮನೆಯಲ್ಲಿ ಅದನ್ನು ಮಾಡುವುದು ಹೇಗೆ?

ಮೇ ತಿಂಗಳಲ್ಲಿ ಚೆದಾನ ಆರು ತಿಂಗಳ ತಿಥಿ ಬಂತು. ಬೇಯಿಸಿದ ಗೋಧಿ, ಬ್ರೆಡ್ಡು, ಮೀನು, ಹಣ್ಣಿನ ಸಾರಾಯಿ ರಕಿಯಾ ಎಲ್ಲ ಬುಟ್ಟಿಗಳಲ್ಲಿ ಹೊತ್ತು ನಾವೆಲ್ಲ ಸ್ಮಶಾನಕ್ಕೆ ಹೋದೆವು. ಒಡಹುಟ್ಟಿದ ಅಣ್ಣ ಬರದಿದ್ದರೆ ಆಗುತ್ತದೆಯೇ? ತಿಹೊಮಿರನೂ ಬಂದ. ದೆಸಾಳೇ ಅವನನ್ನು ಕಳಿಸಿದ್ದಳು. "ಹೋಗು, ನನಗೆ ಪೆಟ್ಟಿಗೆ ಇದೆ" ಎಂದಿದ್ದಳಂತೆ. ಗೋರಿಯ ಮೇಲೆ ಬಟ್ಟೆ ಹಾಸಿ ಉಂಡೆವು, ಮಣ್ಣಿಗೆ ರಕಿಯಾ ಸುರಿದೆವು, ಮೇಣದಬತ್ತಿ ಹಚ್ಚಿದೆವು. ಸ್ತಾಮೆನಾ ಮಗನ ಕಲ್ಲನ್ನು ತಬ್ಬಿ ಅತ್ತದ್ದನ್ನು ನೋಡಲಾಗಲಿಲ್ಲ.

ಹಿಂದಿರುಗಿ ಬರುವಾಗ ಬೀದಿಯ ಹೆಂಗಸರೆಲ್ಲ ಜೊತೆಗಿದ್ದರು, ಎಲ್ಲರೂ ಕಪ್ಪಿನಲ್ಲಿ. ಮೂಲೆಮನೆಯವರು ಮಹಡಿ ಕಟ್ಟಿಸುತ್ತಿದ್ದರು, ಕಾಂಕ್ರೀಟ್ ಕಲಸುವ ಯಂತ್ರ ಗಡಗಡ ಎನ್ನುತ್ತಿತ್ತು. ದೆಸಾಳ ಕಿಟಕಿ ತೆರೆದಿತ್ತು. ಆ ಗದ್ದಲದಲ್ಲಿ ಅವಳು ತನ್ನ ದನಿಯನ್ನು ಹುಡುಕುತ್ತ ಒಂದೊಂದೇ ಅಂಕಿ ಏರಿಸುತ್ತ ಹೋಗಿದ್ದಳು. ಇದು ನಮಗೆ ತಿಳಿದದ್ದು ಆಮೇಲೆ. ನಾವು ಗೇಟಿನ ಬಳಿ, ಚೆದಾನ ಫೋಟೋ ಇದ್ದ ತಿಥಿಯ ಚೀಟಿ ಅಂಟಿಸಿದ ಕಂಬದ ಪಕ್ಕ, ಕಾಲಿನ ಮಣ್ಣು ಕೊಡವುತ್ತಿದ್ದೆವು. ಯಂತ್ರ ನಿಂತಿತು. ಆಗ ಕಿಟಕಿಯಿಂದ ಇಡೀ ತಂಡ ಒಂದೇ ಸಲ ಗಂಟಲು ಬಿಚ್ಚಿ ಕೂಗಿತು. "ಆ—!" ಕ್ಷಣ ಮೌನ. ಮತ್ತೆ "ಆ—!" ಮತ್ತೊಮ್ಮೆ. ಆಮೇಲೆ ಗೇಟಿನವರೆಗೆ ಏನೂ ಬರಲಿಲ್ಲ.

ಎದುರುಮನೆಯ ಲ್ಯೂಬಿಂಕಾ ಬಾಯಿಯ ಮೇಲೆ ಕೈಯಿಟ್ಟುಕೊಂಡು, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು. "ಸತ್ತೋನ ಅನ್ನ ಇನ್ನೂ ಗಂಟಲಲ್ಲಿದೆ, ಇವರ ಮನೇಲಿ ಆಗ್ಲೇ ಮದುವೆ ನೋಡಿ."

"ಮುಚ್ಚೇ ಬಾಯಿ" ಎಂದೆ ನಾನು. ಆದರೆ ಊರ ಬಾಯಿಗೆ ಬೀಗ ಹಾಕಿದವರು ಯಾರು? ಸ್ತಾಮೆನಾಳ ಮುಖ ಸುಣ್ಣವಾಗಿತ್ತು. ಅವಳು ದೆಸಾಳ ಕೋಣೆಯ ಕಡೆ ನೋಡಲೂ ಇಲ್ಲ. ಬುಟ್ಟಿಯನ್ನು ಅಂಗಳದಲ್ಲಿಟ್ಟು, ದೆಸಾಳ ಕೋಣೆಯ ಗೋಡೆಗೇ ಆನಿಸಿ ಹೊರಗೆ ಕಟ್ಟಿದ ಬೇಸಿಗೆ ಅಡುಗೆಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ತಿಹೊಮಿರನ ಹಿಂದೆ ಓಡಿದೆ. ದೆಸಾ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಮುದುಡಿದ್ದಳು. ರಿಮೋಟ್ ನೆಲದ ಮೇಲಿತ್ತು. ನೋವಿಗೆ ಕಣ್ಣು ಬಿಡಲೂ ಆಗುತ್ತಿರಲಿಲ್ಲ. "ಇಳಿಸಕ್ಕೆ ಹೋದೆ... ಮತ್ತೆ ಕೂಗ್ತು... ಗಾಬರೀಲಿ ಏರಿಸೋ ಗುಂಡಿ ಒತ್ಬಿಟ್ಟೆ... ಅತ್ತೆ ಕೇಳಿಸ್ಕೊಂಡ್ರಾ?" ಎಂದು ಕೇಳಿದಳು. ತಲೆ ಸಿಡಿಯುತ್ತಿದ್ದ ಹೊತ್ತಿನಲ್ಲೂ ಅವಳಿಗೆ ಅದೇ ಚಿಂತೆ.

ತಿಹೊಮಿರ್ ಪೆಟ್ಟಿಗೆಯ ಕೆಂಪು ಅಂಕಿಯನ್ನು ನೋಡಿದ. ಹದಿನಾರು. ಅವನಿಗೆ ಆಗಲೇ ಎಲ್ಲ ಅರ್ಥವಾಯಿತು. ಸಂಜೆ ಬೇಲಿಯ ಹತ್ತಿರ ನಿಂತು ನನಗೂ ಅರ್ಥವಾಗುವಂತೆ ಹೇಳಿದ, ಅವನು ನನ್ನ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು.

"ಐದು ರಿಲೇನೂ ಸದ್ದನ್ನ ಅದುಮಿ ಹಿಡಿಯೋ ಕೈಗಳು ಅನ್ಕೋ. ಒಂದು ದೊಡ್ಡದು, ನಾಲ್ಕು ಚಿಕ್ಕವು. ಹದಿನೈದರಲ್ಲಿ ದೊಡ್ಡ ಕೈ ಒಂದೇ ಹಿಡಿದಿರತ್ತೆ. ಹದಿನಾರಕ್ಕೆ ಹೋಗ್ಬೇಕಾದ್ರೆ ದೊಡ್ಡದು ಬಿಡ್ಬೇಕು, ಚಿಕ್ಕವು ನಾಲ್ಕೂ ಹಿಡೀಬೇಕು. ನಾನು ಚಿಪ್ಪಿಗೆ ಬರೆದ ಪ್ರೋಗ್ರಾಮಲ್ಲಿ ಇದ್ದಿದ್ದು ಮೊದಲು ಬಿಡು, ಆಮೇಲೆ ಹಿಡಿ ಅಂತ. ನಡುವೆ ಯಾವ ಕೈನೂ ಇಲ್ಲ. ಅದೂ ಒಂದೊಂದಾಗಿ ನಿಧಾನ, ಅವಳಿಗೆ ನೋವಾಗದೇ ಇರ್ಲಿ ಅಂತ. ಅಷ್ಟು ಹೊತ್ತೂ ಸದ್ದು ಪೂರ್ತಿ ಬಾಯ್ಬಿಟ್ಟಿದೆ. ಎಂಟರಲ್ಲಿ ಬಿಕ್ಕಳಿಸ್ತಿದ್ದಿದ್ದೂ ಇದೇ. ಅವಳು ಹೇಳಿದ್ಲು. ನಾನು ಟೇಪಿನ ಮೇಲೆ ಹಾಕ್ದೆ."

"ಈಗ?"

"ಮೊದಲು ಹಿಡಿ, ಆಮೇಲೆ ಬಿಡು. ಎರಡು ಸಾಲು ಅದಲುಬದಲು ಮಾಡಿದ್ರಾಯ್ತು. ನಾಳೆ ಬೆಳಿಗ್ಗೆ ಮಾಡ್ತೀನಿ."

ಮಾಡಿದ ಕೂಡ. ಆದರೆ ಅದನ್ನು ಹಾಡಿನ ಜೊತೆ ನೋಡಲು ದೆಸಾ ಬಿಡಲಿಲ್ಲ. ಟೇಪು ತೆಗೆದಿಡು ಎಂದಳು. "ಬೇಡ. ವರ್ಷ ಮುಗೀಲಿ. ಮಿತ್ರೊವ್‌ದಾನ್ ಬರ್ಲಿ, ಅತ್ತೆ ಕೈಯಲ್ಲೇ ಹಾಕಿಸ್ಕೊಂಡು ಕೇಳ್ತೀನಿ." ತನಗೆ ಮಿತ್ರೊವ್‌ದಾನ್ ಇಲ್ಲ ಎಂದು ಅವಳಿಗೆ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಆದರೆ ಅತ್ತೆಯ ಮುನಿಸಿನ ಕೆಳಗೆ ಹಾಡು ಕೇಳುವುದು ಅವಳಿಂದ ಆಗಲಿಲ್ಲ.

ಸ್ತಾಮೆನಾ ಸೊಸೆಯ ಜೊತೆ ಮಾತು ಬಿಟ್ಟಳು. ಬೇಸಿಗೆ ಅಡುಗೆಮನೆಯಲ್ಲೇ ಮಂಚ ಹಾಕಿಕೊಂಡಳು. ಕೋಳಿ ಸಾರು ಮಾಡುತ್ತಿದ್ದಳು, ಸೋಸುತ್ತಿದ್ದಳು, ಆರಿಸುತ್ತಿದ್ದಳು, ಮಗನ ಕೈಯಲ್ಲೋ ನನ್ನ ಕೈಯಲ್ಲೋ ಕಳಿಸುತ್ತಿದ್ದಳು. ಸಾರು ಕೊಟ್ಟಳು, ಮಾತು ಕೊಡಲಿಲ್ಲ. ನಾನು ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಅಲ್ಲಾ ಸ್ತಾಮೆನಮ್ಮ, ಯಂತ್ರ ಕೆಟ್ಟಿದ್ದಕ್ಕೆ ಅವಳ ಮೇಲೆ ಸಿಟ್ಟೇ?"

"ಯಂತ್ರ ಅಂಗಡಿಯಿಂದ ತಾನಾಗೇ ನಡೆದು ಬಂತೇನೇ? ನನ್ನ ಬೆನ್ನ ಹಿಂದೆ, ನನ್ನ ಮಗನ ಸೂತಕದಲ್ಲಿ, ಗಂಡ ಹೆಂಡ್ತಿ ಸೇರ್ಕೊಂಡು ಹಾಡು ಕೇಳ್ತಿದ್ರಲ್ಲ! ಅದೂ ಅವನ ದಿನದಲ್ಲೇ, ಬೀದಿ ಎದುರಿಗೆ! ಎದ್ದು ಬಂದು ಒಂದು ಮಾತು, ತಪ್ಪಾಯ್ತು ಅಂತ ಹೇಳ್ಲಿ."

"ಎದ್ದು ಬರೋ ಹಾಗಿದಾಳಾ ಅವಳು?"

"ಎದ್ದಾಗ ಹೇಳ್ಲಿ. ನನಗೇನು ಅವಸರ ಇಲ್ಲ."

ನಾನು ಶೆಡ್ಡಿಗೆ ಹೋಗಿ ತಿಹೊಮಿರನಿಗೆ ಹೇಳಿದೆ, ಇನ್ನು ಮುಚ್ಚಿಡಬೇಡ, ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳು ಎಂದು. ಅವನು ಹೇಳಿದ. ಸ್ತಾಮೆನಾ ಕೇಳಿ ಮಂಚದ ಮೇಲೆ ಕೂತೇ ಇದ್ದಳಂತೆ. ಮರುದಿನ ಅವಳು ದೆಸಾಳ ಕೋಣೆಯ ಬಾಗಿಲವರೆಗೆ ಬಂದದ್ದನ್ನು ನಾನೇ ಕಂಡೆ. ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು ನಿಂತಳು. ಒಳಗೆ ದೆಸಾ ಕಣ್ಣು ಮುಚ್ಚಿ ಮಲಗಿದ್ದಳು. ಕರೆದರೆ ಎಚ್ಚರವಾಗುತ್ತಿದ್ದಳು. ಸ್ತಾಮೆನಾ ಕರೆಯಲಿಲ್ಲ, ತಲೆವಸ್ತ್ರದ ತುದಿಯಿಂದ ಚೌಕಟ್ಟಿನ ಧೂಳು ಒರೆಸಿ ಹಿಂದಿರುಗಿದಳು. ಮುನಿಸು ಹಳೆಯದಾದರೆ ಅದನ್ನು ಮುರಿಯಲು ಹೋದವರಿಗೇ ನಾಚಿಕೆಯಾಗುತ್ತದೆ. ಮುದುಕಿ ಹಾಗೆ ಮತ್ತೂ ಒಂದೆರಡು ಸಲ ಬಂದು ಹಿಂದಿರುಗಿದಳು. ನನಗೆ ಅವಳನ್ನು ಹಿಡಿದು ಒಳಕ್ಕೆ ನೂಕಬೇಕು ಅನ್ನಿಸುತ್ತಿತ್ತು.

ದೆಸಾ ರಿಮೋಟನ್ನು ಮಾತ್ರ ಬಿಟ್ಟಿರಲಿಲ್ಲ. ಟೇಪು ಕಪಾಟಿನಲ್ಲಿತ್ತು, ಸ್ಪೀಕರುಗಳು ಖಾಲಿ. ಅವಳು ಮಲಗಿದ್ದಲ್ಲೇ ಗುಂಡಿ ಒತ್ತುತ್ತಿದ್ದಳು. ಉಣ್ಣೆಬಟ್ಟೆಯ ಒಳಗಿಂದ ಟಿಕ್. ಸ್ವಲ್ಪ ತಡೆದು ಟಿಕ್ ಟಿಕ್. ಕೆಂಪು ಅಂಕಿ ಏರುತ್ತಿತ್ತು, ಇಳಿಯುತ್ತಿತ್ತು. ನಾನು ಮೊದಲು ಬೆರಳು ತಾನಾಗಿ ನಡುಗುತ್ತಿದೆ ಎಂದುಕೊಂಡೆ. ಆಮೇಲೆ ಅವಳ ತುಟಿ ನೋಡಿದೆ. ಹಾಡು ಅವಳೊಳಗೆ ನಡೆಯುತ್ತಿತ್ತು, ಸದ್ದನ್ನು ಅವಳು ಅಲ್ಲೇ ಏರಿಸಿ ಇಳಿಸಿ ಮಾಡುತ್ತಿದ್ದಳು. ನಾನು ಹೊರಗೆ ಬಂದು ಬೇಲಿಯ ಪಕ್ಕ ಕೂತು ಅತ್ತೆ.

ಸೆಪ್ಟೆಂಬರ್ ಕೊನೆಯಲ್ಲಿ, ಇಡೀ ಬೀದಿ ಅಂಗಳದಲ್ಲಿ ಒಲೆ ಹೂಡಿ ಚಳಿಗಾಲಕ್ಕೆ ಮಾಡಿಡುವ ಐವಾರ್ ಚಟ್ನಿಗೆ ಕೆಂಪು ಮೆಣಸಿನಕಾಯಿ ಸುಡುತ್ತಿದ್ದಾಗ, ದೆಸಾ ಹೋದಳು. ಬೀದಿಯ ತುಂಬ ಹೊಗೆಯಿತ್ತು. ಸುದ್ದಿ ಮನೆಯಿಂದ ಮನೆಗೆ ಹೋದಂತೆ ಒಲೆಗಳಿಗೆ ನೀರು ಸುರಿದರು. ಗೇಟಿನ ಕಂಬದಲ್ಲಿ ಚೆದಾನ ಚೀಟಿಯ ಪಕ್ಕ ಅವಳ ಚೀಟಿಯನ್ನೂ ಅಂಟಿಸಿದರು. ಮಿತ್ರೊವ್‌ದಾನಕ್ಕೆ ಇನ್ನೂ ಒಂದು ತಿಂಗಳ ಮೇಲಿತ್ತು. ಆ ಮನೆಗೆ ಹೊಸದಾಗಿ ಇನ್ನೊಂದು ವರ್ಷದ ಕಪ್ಪು ಬಿತ್ತು.

ಚೆದಾನ ವರ್ಷದ ತಿಥಿ ಮಾಡಿ ಬಂದ ಮಧ್ಯಾಹ್ನ ನಾನು ಅವರ ಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದೆ. ಬಂದವರೆಲ್ಲ ಹೋಗಿದ್ದರು. ಸ್ತಾಮೆನಾ ಬೇಸಿಗೆ ಅಡುಗೆಮನೆಯಿಂದ ಬಂದು, ಹಿಂದೆ ನಿಂತು ಹೋಗುತ್ತಿದ್ದ ಬಾಗಿಲನ್ನು ದಾಟಿ, ದೆಸಾಳ ಹಾಸಿಗೆಯ ಮೇಲೆ ಕೂತಳು.

"ತಿಹಾ, ಬಾ ಇಲ್ಲಿ. ಆ ಟೇಪು ಹಾಕು."

ತಿಹೊಮಿರ್ ಬಾಗಿಲಲ್ಲಿ ನಿಂತ. "ಅಮ್ಮ, ಸೂತಕ ಇದೆ. ಈಗ ದೆಸಾದು."

"ಗೊತ್ತು ಕಣೋ. ಹಾಕು. ಬೀದಿ ಏನಂದ್ರೂ ನಾನು ಹೇಳ್ಕೋತೀನಿ."

ಅವನು ಟೇಪು ಏರಿಸಿದ, ರಿಮೋಟನ್ನು ತಾಯಿಯ ಕೈಗೆ ಕೊಟ್ಟ. ನಾನು ಕೈ ಒರೆಸಿಕೊಂಡು ಬಂದು ನೋಡಿದೆ. ಮುದುಕಿ ಒತ್ತಿದಳು. ಟಿಕ್. ಒತ್ತಿದಳು. ಟಿಕ್.

"ಇದೇ ಸದ್ದು" ಎಂದಳು. "ಒಲೆ ಪಕ್ಕದ ಗೋಡೆಯಿಂದ ಕೇಳ್ತಿತ್ತು. ಬೇಸಿಗೆ ಪೂರ್ತಿ ಕೇಳ್ತಿತ್ತು. ಏನು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ ನಾನು."

ಆರರಲ್ಲಿ ಅವಳಿಗೆ ಏನೂ ಕೇಳಲಿಲ್ಲ. ಸ್ಪೀಕರಿಗೆ ಕಿವಿ ಹಚ್ಚುವಂತೆ ಬಗ್ಗಿದಳು. "ಇಷ್ಟು ಮೆಲ್ಲಗೆ ಕೇಳ್ತಿದ್ಲಾ ಅವಳು?"

"ಹೂಂ, ಇಷ್ಟೇ."

ಎಂಟು ದಾಟಿತು, ಬಿಕ್ಕಳಿಕೆ ಇಲ್ಲ. ಹನ್ನೊಂದರ ಹೊತ್ತಿಗೆ ಎಡಗಡೆಯಿಂದ ದೆಸಾಳ ದನಿ ಬಂತು, ತೊದಲಿಲ್ಲದ, ಇಪ್ಪತ್ತರ ಪ್ರಾಯದ ದನಿ. ಮುದುಕಿಯ ಬೆರಳು ನಿಲ್ಲಲಿಲ್ಲ. ಹದಿನೈದಕ್ಕೆ ಬಂದು ನಿಂತಿತು. ಗೇಟಿನ ಬಳಿ ಕೇಳಿದ ಆ ಕೂಗು ಅವಳಿಗೆ ನೆನಪಾಗಿರಬೇಕು. ರಿಮೋಟನ್ನು ಮಗನ ಕಡೆ ಚಾಚಿದಳು.

"ನೀನೇ ಒತ್ತು."

"ಒತ್ತಮ್ಮ, ಏನೂ ಆಗಲ್ಲ."

ಅವಳು ಕಣ್ಣು ಮುಚ್ಚಿ, ಹೊಡೆತಕ್ಕೆ ಕಾದವಳಂತೆ ಭುಜ ಕುಗ್ಗಿಸಿ, ಒತ್ತಿದಳು. ಟಿಕ್ ಟಿಕ್ ಟಿಕ್ ಟಿಕ್, ಆಮೇಲೆ ಟಿಕ್. ಕೆಂಪು ಅಂಕಿ ಹದಿನಾರಾಯಿತು. ಹಾಡು ಎಲ್ಲೂ ಮುಗ್ಗರಿಸಲಿಲ್ಲ. ಹಾಡುವವರು ಅರ್ಧ ಹೆಜ್ಜೆ ಹತ್ತಿರ ಬಂದಂತೆ ಸದ್ದು ಒಂದ್ಚೂರು ಹೆಚ್ಚಿತು, ಅಷ್ಟೇ.

ಸ್ತಾಮೆನಾ ಕಣ್ಣು ತೆರೆದಳು. "ಇಷ್ಟೇನಾ?" ಎಂದಳು. "ಯಾವಾಗಿಂದ ಹೀಗಿದೆ ಇದು?"

"ಅದು ಕೂಗಿದ ಮಾರನೇ ದಿನದಿಂದ, ಅಮ್ಮ."

ಅವಳು ರಿಮೋಟನ್ನು ಮಡಿಲಿಗೆ ಹಾಕಿಕೊಂಡು, ಸೊಸೆಯ ದಿಂಬಿಗೆ ಮುಖವೊತ್ತಿ, ಮಗನ ಗೋರಿಯ ಮೇಲೂ ಅಳದ ಹಾಗೆ ಅತ್ತಳು. ಕಿಟಕಿ ತೆರೆದೇ ಇತ್ತು. ಬೀದಿಯಲ್ಲಿ ಲ್ಯೂಬಿಂಕಾ ನಿಂತಿದ್ದಳು, ಈ ಸಲ ತಲೆ ತಗ್ಗಿಸಿ ತನ್ನ ಮನೆಗೆ ನಡೆದಳು. ಟೇಪು ಮುಗಿಯುವವರೆಗೆ ತಿಹೊಮಿರ್ ಬಾಗಿಲಲ್ಲೇ ನಿಂತಿದ್ದ, ಆಮೇಲೆ ಬಂದು ಸೊನ್ನೆಗೆ ಇಳಿಸಿ, ಪೆಟ್ಟಿಗೆಯ ಮೇಲೆ ಕಪ್ಪು ಬಟ್ಟೆ ಹೊದಿಸಿದ.